ಮುಖ್ಯಮಂತ್ರಿಗೆ ಮನವಿ ಕೊಡುವ ಮುಂಚೆ

ಜನತಾ ದರ್ಶನ ಇದೆ ಅಂತ ಸುದ್ದಿ ಬಂದರೆ ಸಾಕು, ಬೀದರ್‌ನಿಂದ, ಚಾಮರಾಜನಗರದಿಂದ ರಾತ್ರಿ ಬಸ್ಸು ಹತ್ತಿ ಜನ ಬೆಂಗಳೂರಿಗೆ ಬರುತ್ತಾರೆ. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರೊಳಗೆ ಪಹಣಿ, ಆಧಾರ್, ಹಳೇ ಅರ್ಜಿಗಳ ಜೆರಾಕ್ಸು. 2023ರ ನವೆಂಬರ್ 27ರಂದು ಗೃಹ ಕಚೇರಿ ಕೃಷ್ಣಾದಲ್ಲಿ, ಆಮೇಲೆ 2024ರ ಫೆಬ್ರವರಿ 8ರಂದು ವಿಧಾನಸೌಧದ ಆವರಣದಲ್ಲಿ ಸಿದ್ದರಾಮಯ್ಯ ಅಹವಾಲು ಕೇಳಲು ಕೂತಾಗ ಸಾವಿರಾರು ಅರ್ಜಿ ಬಂದವು. ಅದಕ್ಕೂ ಮುಂಚೆ ಕುಮಾರಸ್ವಾಮಿ ಜನತಾ ದರ್ಶನ ಮಾಡುತ್ತಿದ್ದಾಗಲೂ ಹೀಗೇ ಸಾಲು. ಸಿಎಂ ಒಂದು ಮಾತು ಹೇಳಿದರೆ ಮುಗೀತು ಅನ್ನೋ ನಂಬಿಕೆ ನಮ್ಮ ಜನರದ್ದು.

ಈ ನಂಬಿಕೆ ಪೂರ್ತಿ ಸುಳ್ಳಲ್ಲ. ಆದರೆ ಆ ಒಂದು ಮಾತು ಎಲ್ಲಿಗೆ ಹೋಗುತ್ತೆ, ಯಾರ ಟೇಬಲ್ ಮೇಲೆ ಬೀಳುತ್ತೆ, ಅಲ್ಲಿ ಏನಾಗುತ್ತೆ ಅನ್ನೋದು ಗೊತ್ತಿದ್ದರೆ ಒಂದೋ ನಿಮ್ಮ ಬಸ್ ಚಾರ್ಜು ಉಳಿಯುತ್ತೆ, ಇಲ್ಲಾ ಕೊಟ್ಟ ಅರ್ಜಿಗೆ ಬಲ ಬರುತ್ತೆ.

1. ಸಿಎಂ ಕೈಯಲ್ಲಿ ಏನಿದೆ ಅಂತ ತಿಳಿದುಕೊಳ್ಳಿ

ಸಂವಿಧಾನದಲ್ಲಿ ಮುಖ್ಯಮಂತ್ರಿ ಬಗ್ಗೆ ಇರೋದು ಸ್ವಲ್ಪವೇ. 163ನೇ ವಿಧಿ ಪ್ರಕಾರ ರಾಜ್ಯಪಾಲರಿಗೆ ಸಲಹೆ ಕೊಡುವ ಮಂತ್ರಿಮಂಡಲಕ್ಕೆ ಅವರು ಮುಖ್ಯಸ್ಥರು. 164ನೇ ವಿಧಿ ಪ್ರಕಾರ ಅವರನ್ನು ನೇಮಿಸುವುದು ರಾಜ್ಯಪಾಲರು, ಉಳಿದ ಮಂತ್ರಿಗಳ ನೇಮಕ ಆಗುವುದು ಸಿಎಂ ಸಲಹೆ ಮೇಲೆ. ಮಂತ್ರಿಮಂಡಲದ ತೀರ್ಮಾನಗಳನ್ನು ರಾಜ್ಯಪಾಲರಿಗೆ ತಿಳಿಸುವ ಕೆಲಸ 167ನೇ ವಿಧಿಯಲ್ಲಿದೆ. ಓದಿದರೆ, ಇಷ್ಟೇನಾ ಅನ್ನಿಸುತ್ತೆ.

ನಿಜವಾದ ಬಲ ಇರೋದು ಬೇರೆ ಕಡೆ. ಯಾರಿಗೆ ಯಾವ ಖಾತೆ ಅಂತ ಹಂಚುವುದು ಸಿಎಂ. ಕೊಟ್ಟ ಖಾತೆ ಕಿತ್ತುಕೊಳ್ಳುವುದೂ ಅವರೇ. ನಮ್ಮ ವಿಧಾನಸಭೆಯಲ್ಲಿ 224 ಸ್ಥಾನ. 2003ರ ಸಂವಿಧಾನ ತಿದ್ದುಪಡಿ ಪ್ರಕಾರ ಅದರ ಶೇ. 15ಕ್ಕಿಂತ ಜಾಸ್ತಿ ಮಂತ್ರಿಗಳು ಇರುವಂತಿಲ್ಲ. ಹಾಗಾಗಿ ಸಿಎಂ ಸೇರಿ 34 ಕುರ್ಚಿ. ಕೇಳುವವರು ಎಷ್ಟು ಜನ ಅಂತ ಹೇಳಬೇಕಾಗಿಲ್ಲ ಅಲ್ವಾ? ಸಂಪುಟ ಸಭೆಯಲ್ಲಿ ಯಾವ ವಿಷಯ ಬರಬೇಕು ಅನ್ನೋದರಲ್ಲೂ ಸಿಎಂ ಮಾತೇ ಕೊನೆ. ಅಧಿಕಾರಿಗಳ ವರ್ಗಾವಣೆ ನೋಡುವ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ಸಾಮಾನ್ಯವಾಗಿ ಅವರ ಬಳಿಯೇ ಇರುತ್ತೆ. ಹಣಕಾಸು ಖಾತೆಯನ್ನೂ ಎಷ್ಟೋ ಸಿಎಂಗಳು ಬೇರೆಯವರಿಗೆ ಕೊಟ್ಟಿಲ್ಲ. ಯಡಿಯೂರಪ್ಪ, ಕುಮಾರಸ್ವಾಮಿ, ಬಸವರಾಜ ಬೊಮ್ಮಾಯಿ, ಸಿದ್ದರಾಮಯ್ಯ ಎಲ್ಲರೂ ಸಿಎಂ ಆಗಿದ್ದಾಗ ತಾವೇ ಬಜೆಟ್ ಓದಿದವರು.

ಈ ಹಣಕಾಸಿನ ವಿಷಯ ನೆನಪಿಟ್ಟುಕೊಳ್ಳಿ. ನಿಮ್ಮ ಬೇಡಿಕೆಗೆ ದುಡ್ಡು ಬೇಕು, ಬಜೆಟ್‌ನಲ್ಲಿ ಅದಕ್ಕೆ ಇಟ್ಟಿಲ್ಲ ಅಂದರೆ ಕಡತ ಎಲ್ಲಿ ಸುತ್ತಿದರೂ ಕೊನೆಗೆ ಆರ್ಥಿಕ ಇಲಾಖೆಯ ಸಹಮತಿಗೆ ಬಂದು ನಿಲ್ಲುತ್ತೆ. ಎಷ್ಟೋ ಮನವಿಗಳು ಸಾಯೋದು ಅಲ್ಲೇ.

2. ನಿಮ್ಮ ಕೆಲಸ ಅವರದ್ದೇನಾ?

ರೈಲು, ಪಾಸ್‌ಪೋರ್ಟ್, ಬ್ಯಾಂಕ್ ಸಾಲದ ನೋಟಿಸು, ಪಿಎಫ್, ಆದಾಯ ತೆರಿಗೆ, ಅಂಚೆ, ರಾಷ್ಟ್ರೀಯ ಹೆದ್ದಾರಿ ಇವೆಲ್ಲ ಕೇಂದ್ರದ್ದು. ಇವುಗಳ ಬಗ್ಗೆ ಸಿಎಂಗೆ ಕೊಟ್ಟರೆ ಹೆಚ್ಚೆಂದರೆ ದೆಹಲಿಗೊಂದು ಪತ್ರ ಹೋಗುತ್ತೆ. ಅದರ ಬದಲು ಕೇಂದ್ರದ ಸಿಪಿಗ್ರಾಮ್ಸ್ ಜಾಲತಾಣದಲ್ಲಿ ನೀವೇ ನೇರ ದೂರು ಹಾಕಿ.

ರಾಜ್ಯದ ಒಳಗೇ ಇದ್ದರೂ ಸಿಎಂ ಕೈ ಹಾಕಲು ಆಗದ ಜಾಗಗಳಿವೆ. ಕೋರ್ಟಿನಲ್ಲಿರುವ ಕೇಸು ಅಂತೂ ಆಗೋದೇ ಇಲ್ಲ. ಕರೆಂಟ್ ದರ ನಿಗದಿ ಮಾಡೋದು ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಗೆಜೆಟೆಡ್ ಪ್ರೊಬೇಷನರಿ ನೇಮಕಾತಿ ಪರೀಕ್ಷೆ ನಡೆಸೋದು ಕೆಪಿಎಸ್‌ಸಿ, ಅದು ಸಂವಿಧಾನದಡಿ ಇರುವ ಸಂಸ್ಥೆ. ನನ್ನ ಮಗನಿಗೆ ಅದರಲ್ಲಿ ಮಾರ್ಕ್ಸ್ ಕಡಿಮೆ ಬಂದಿದೆ ಅಂತ ಸಿಎಂಗೆ ಅರ್ಜಿ ಕೊಟ್ಟರೆ ಅವರು ತಿದ್ದುವಂತಿಲ್ಲ, ತಿದ್ದಲೂಬಾರದು. ಅಧಿಕಾರಿ ಲಂಚ ಕೇಳಿದರೆ ಲೋಕಾಯುಕ್ತಕ್ಕೆ ಹೋಗಿ, ದುಡ್ಡು ಕೊಡುವ ಮುಂಚೆಯೇ ಹೋಗಿ.

ಜಮೀನಿನ ವಿಷಯದಲ್ಲಿ ಜನ ಜಾಸ್ತಿ ಎಡವುತ್ತಾರೆ. ಮ್ಯುಟೇಶನ್ ತಪ್ಪಾಗಿದೆ, ಪಹಣಿಯಲ್ಲಿ ಅಣ್ಣನ ಹೆಸರು ಮಾತ್ರ ಬಂದಿದೆ ಅಂತಿಟ್ಟುಕೊಳ್ಳಿ. ಭೂ ಕಂದಾಯ ಕಾಯ್ದೆಯ 136(2)ರ ಪ್ರಕಾರ ಮೇಲ್ಮನವಿ ಹೋಗಬೇಕಾದ್ದು ಉಪವಿಭಾಗಾಧಿಕಾರಿ ಹತ್ತಿರ, ಅಂದರೆ ಎಸಿ ಕಚೇರಿಗೆ. ಅಲ್ಲೂ ನ್ಯಾಯ ಸಿಗದಿದ್ದರೆ 136(3)ರಲ್ಲಿ ಡಿಸಿ ಹತ್ತಿರ. ಅಲ್ಲಿ ಅವರು ಕೂತಿರೋದು ಹೆಚ್ಚುಕಡಿಮೆ ನ್ಯಾಯಾಧೀಶರ ಹಾಗೆ. ಇವರ ಕಡೆಗೇ ತೀರ್ಪು ಕೊಡಿ ಅಂತ ಸಿಎಂ ಹೇಳುವಂತಿಲ್ಲ. ಆದರೆ ಕೇಸು ವರ್ಷಗಟ್ಟಲೆ ಕೊಳೀತಿದೆ, ಬೇಗ ಇತ್ಯರ್ಥ ಮಾಡಿಸಿ ಅಂತ ಕೇಳಬಹುದು. ಬೇಡಿಕೆಯನ್ನು ಇಷ್ಟು ತಿರುಗಿಸಿ ಬರೆದರೆ ಸಾಕು, ಅದೇ ಅರ್ಜಿಗೆ ಜೀವ ಬರುತ್ತೆ.

ಹಾಗಾದರೆ ಸಿಎಂ ಹತ್ತಿರವೇ ಹೋಗಬೇಕಾದ ಕೆಲಸ ಯಾವುವು? ಎರಡು ಇಲಾಖೆ ನಡುವೆ ಸಿಕ್ಕಿಕೊಂಡವು: ಕಂದಾಯದವರು ಅರಣ್ಯ ಅನ್ನುತ್ತಾರೆ, ಅರಣ್ಯದವರು ಕಂದಾಯ ಅನ್ನುತ್ತಾರೆ, ಊರಿಗೆ ರಸ್ತೆ ಇಲ್ಲ. ಇಬ್ಬರನ್ನೂ ಒಂದೇ ಟೇಬಲ್ಲಿಗೆ ಕೂರಿಸಲು ಅಧಿಕಾರ ಇರೋದು ಅವರಿಗೇ. ಇನ್ನೊಂದು, ಅಧಿಸೂಚನೆ ಅಥವಾ ನಿಯಮವೇ ಬದಲಾಗಬೇಕಾದವು. ಮತ್ತೊಂದು, ಸಾರ್ವತ್ರಿಕ ವರ್ಗಾವಣೆ ಅವಧಿ ಮುಗಿದ ಮೇಲೆ ಕಾಯಿಲೆಯ ಕಾರಣಕ್ಕೆ ಬೇಕಾದ ವರ್ಗಾವಣೆ. ಇದಕ್ಕೆ ಸಿಎಂ ಪೂರ್ವಾನುಮೋದನೆ ಬೇಕು. ಶಿಕ್ಷಕರಿಗೆ ಮಾತ್ರ ಪ್ರತ್ಯೇಕ ಕಾಯ್ದೆ, ಕೌನ್ಸೆಲಿಂಗ್ ಇದೆ, ಅಲ್ಲಿ ಚೀಟಿ ಅಷ್ಟು ನಡೆಯಲ್ಲ. ಆಸ್ಪತ್ರೆ ಖರ್ಚಿಗೆ ಪರಿಹಾರ ನಿಧಿಯ ನೆರವೂ ಸಿಎಂ ಕಚೇರಿಯದ್ದೇ, ಅದಕ್ಕೆ ಆಮೇಲೆ ಬರುತ್ತೇನೆ.

3. ಕೆಳಗಿನ ಮೆಟ್ಟಿಲು ಹತ್ತಿ, ಹತ್ತಿದ್ದಕ್ಕೆ ಸಾಕ್ಷಿ ಇಟ್ಟುಕೊಳ್ಳಿ

ನೇರ ಸಿಎಂಗೆ ಕೊಟ್ಟ ಅರ್ಜಿ ಏನಾಗುತ್ತೆ ನೋಡಿ. ಜಮೀನಿನ ಹದ್ದುಬಸ್ತು, ಅಂದರೆ ಗಡಿ ಅಳತೆ, ಆಗಿಲ್ಲ ಅಂತ ಮಂಡ್ಯ ಜಿಲ್ಲೆಯ ರೈತರೊಬ್ಬರು ಕೊಟ್ಟರು ಅನ್ನಿ. ಸಿಎಂ ಕಚೇರಿಯಲ್ಲಿ ನಂಬರು ಬೀಳುತ್ತೆ. ಅಲ್ಲಿಂದ ಕಂದಾಯ ಇಲಾಖೆ ಪ್ರಧಾನ ಕಾರ್ಯದರ್ಶಿಗೆ. ಅಲ್ಲಿಂದ ಡಿಸಿಗೆ. ಡಿಸಿ ಕಚೇರಿಯಿಂದ ತಹಶೀಲ್ದಾರರಿಗೆ, ಭೂದಾಖಲೆ ಶಾಖೆಗೆ. ಕೊನೆಗೆ ವರದಿ ಬರೆಯುವವರು ಯಾರು? ಮೊದಲ ದಿನ "ನಾಳೆ ಬನ್ನಿ" ಅಂದ ಅದೇ ಸರ್ವೇಯರು. ಬೆಂಗಳೂರಿಗೆ ಹೋಗಿ ಬಂದ ಕಾಗದ ಸುತ್ತು ಹೊಡೆದು ಅದೇ ಟೇಬಲ್ಲಿಗೆ ಬಂತು. ಈಗ ಅವರಿಗೆ ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಇರುತ್ತೆ.

ಅವರು ಮೊದಲು ಬರೆಯೋ ಸಾಲು ಯಾವುದು ಅಂದರೆ, "ಅರ್ಜಿದಾರರು ಈ ಕಚೇರಿಗೆ ಯಾವುದೇ ಅರ್ಜಿ ಸಲ್ಲಿಸಿರುವುದಿಲ್ಲ." ಅಲ್ಲಿಗೆ ನಿಮ್ಮ ಮನವಿ ಮುಗೀತು. ಅದಕ್ಕೇ ಕೆಳಗಿನ ಕಚೇರಿಗೆ ಬರವಣಿಗೆಯಲ್ಲಿ ಕೊಟ್ಟು, ಸೀಲು, ದಿನಾಂಕ ಇರುವ ಸ್ವೀಕೃತಿ ತೆಗೆದುಕೊಳ್ಳಿ. ಬಾಯಿಮಾತಿನಲ್ಲಿ ಹೇಳಿ ಬಂದದ್ದು ಸರ್ಕಾರದ ಲೆಕ್ಕದಲ್ಲಿ ಹೇಳಿದ ಹಾಗೇ ಅಲ್ಲ.

ಜಾತಿ, ಆದಾಯ ಪ್ರಮಾಣಪತ್ರ, ಪಿಂಚಣಿಯಂಥ ಸೇವೆಗಳು ಸಕಾಲದ ಅಡಿ ಬರುತ್ತವೆ. 2011ರ ಆ ಕಾಯ್ದೆಯಲ್ಲಿ ಪ್ರತಿ ಸೇವೆಗೂ ಇಷ್ಟೇ ದಿನ ಅಂತ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ಮೊತ್ತ ಸಣ್ಣದೇ. ಆದರೆ ಅದು ಅಧಿಕಾರಿಯ ಜೇಬಿನಿಂದ ಹೋಗಬೇಕಾದ ದುಡ್ಡು, ಆ ಭಯ ಇರುತ್ತೆ. ನಾಡಕಚೇರಿಯಲ್ಲಿ ಕೊಡುವ ರಸೀದಿ ಮೇಲೆ ಜಿಎಸ್‌ಸಿ ಸಂಖ್ಯೆ ಇರುತ್ತೆ, ಅದನ್ನು ಎಸೆಯಬೇಡಿ.

ಬೇರೆ ದೂರುಗಳಿಗೆ 1902. ಇದು ಜನಸ್ಪಂದನ ಸಹಾಯವಾಣಿ, ಎಲ್ಲ ಇಲಾಖೆಗಳಿಗೂ ಒಂದೇ ನಂಬರು. ಕನ್ನಡದಲ್ಲಿ ಹೇಳಿದರೆ ಬರೆದುಕೊಂಡು ದೂರಿನ ಸಂಖ್ಯೆ ಕೊಡುತ್ತಾರೆ. ಇದರಲ್ಲಿ ಒಂದು ಬೇಜಾರಿದೆ: ಕೆಲಸ ಆಗದೇ "ದೂರು ಮುಕ್ತಾಯ" ಅಂತ ಮೆಸೇಜು ಬರುವುದುಂಟು. ಹಾಗೆ ಬಂದರೆ ಸುಮ್ನೆ ಬಿಡಬೇಡಿ. ಮುಕ್ತಾಯ ಅಂದ ದಿನಾಂಕವೂ ಮುಂದಿನ ಅರ್ಜಿಗೆ ದಾಖಲೆಯೇ.

4. ಅರ್ಜಿ ಒಂದೇ ಪುಟ

ಜನತಾ ದರ್ಶನದಲ್ಲಿ ನಿಮ್ಮ ಕಾಗದ ಸಿಎಂ ಕೈಯಲ್ಲಿ ಇರುವುದು ಅರ್ಧ ನಿಮಿಷವೋ ಒಂದು ನಿಮಿಷವೋ. ಅವರ ಕಣ್ಣು ಮೊದಲು ಹೋಗೋದು "ವಿಷಯ" ಅನ್ನೋ ಸಾಲಿಗೆ. ಅದನ್ನು ಹಾಳು ಮಾಡಿಕೊಳ್ಳಬೇಡಿ.

ಹೆಚ್ಚಿನವರು ಬರೆಯೋದು ಹೀಗೆ: "ವಿಷಯ: ನಮ್ಮ ಗ್ರಾಮಕ್ಕೆ ಮೂಲಭೂತ ಸೌಕರ್ಯ ಕಲ್ಪಿಸಿಕೊಡುವ ಬಗ್ಗೆ." ಇದನ್ನು ಓದಿ ಯಾರೂ ಏನೂ ಮಾಡಲಾರರು. ಯಾವ ಇಲಾಖೆಗೆ ಕಳಿಸಬೇಕು? ಅದರ ಬದಲು ಹೀಗೆ ಬರೆಯಿರಿ: "ವಿಷಯ: ನಮ್ಮೂರಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಎರಡು ವರ್ಷದಿಂದ ಖಾಲಿ ಇರುವ ಗಣಿತ ಶಿಕ್ಷಕರ ಹುದ್ದೆಗೆ ನೇಮಕ ಆಗುವವರೆಗೆ ಅತಿಥಿ ಶಿಕ್ಷಕರನ್ನು ಒದಗಿಸುವ ಬಗ್ಗೆ." ಇಲಾಖೆ ಯಾವುದು, ಹುದ್ದೆ ಯಾವುದು, ಏನು ಬೇಕು, ಎಲ್ಲಾ ಒಂದೇ ಸಾಲಿನಲ್ಲಿದೆ. ಕಾಯಂ ಹುದ್ದೆ ಕೊಡಲು ಆಗದಿದ್ದರೂ ಮಾಡಬಹುದಾದ ಇನ್ನೊಂದು ಕೆಲಸವನ್ನೂ ನೀವೇ ತೋರಿಸಿಕೊಟ್ಟಿದ್ದೀರಿ. ಅಧಿಕಾರಿಗೆ "ಆಗಲ್ಲ" ಅನ್ನೋದು ಕಷ್ಟವಾಗುತ್ತೆ.

ಮೇಲೆ "ಸನ್ಮಾನ್ಯ ಮುಖ್ಯಮಂತ್ರಿಗಳು, ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು 560001" ಅಂತ ಹಾಕಿ. ಹೆಸರು ಬರೆಯಬೇಕಾಗಿಲ್ಲ. ವಿಷಯದ ಕೆಳಗೆ "ಉಲ್ಲೇಖ" ಅಂತ ಹಾಕಿ, ಕೆಳಗಿನ ಕಚೇರಿಗಳಿಗೆ ಕೊಟ್ಟ ಅರ್ಜಿಗಳ ದಿನಾಂಕ, 1902ರ ದೂರಿನ ಸಂಖ್ಯೆ ಎಲ್ಲವನ್ನೂ ಸಾಲಾಗಿ ಬರೆಯಿರಿ. ನನ್ನ ಪ್ರಕಾರ ಇಡೀ ಅರ್ಜಿಯಲ್ಲಿ ವಿಷಯದ ಸಾಲು ಬಿಟ್ಟರೆ ಮುಖ್ಯವಾದದ್ದು ಇದೇ.

ಆಮೇಲೆ ಮೂರು ಸಣ್ಣ ಪ್ಯಾರಾ ಸಾಕು. ಏನಾಗಿದೆ, ಇಲ್ಲಿವರೆಗೆ ಏನು ಮಾಡಿದಿರಿ, ಈಗ ಏನು ಮಾಡಿಸಿಕೊಡಬೇಕು. ಒಂದು ಅರ್ಜಿಗೆ ಒಂದೇ ಬೇಡಿಕೆ. ರಸ್ತೆ, ಚರಂಡಿ, ಸ್ಮಶಾನದ ಜಾಗ ಮೂರನ್ನೂ ಒಂದರಲ್ಲೇ ತುಂಬಿದರೆ ಅದು ಮೂರು ಇಲಾಖೆ ನಡುವೆ ಅಲೆಯುತ್ತೆ, ಯಾರೂ ನನ್ನದು ಅನ್ನಲ್ಲ. ಮೂರು ಅರ್ಜಿ ಬರೆಯಿರಿ. ಬಸವಣ್ಣನ ವಚನ, ಸಿಎಂ ಅವರ ಹೊಗಳಿಕೆ, ಎದುರು ಪಕ್ಷದವರಿಗೆ ಬೈಗುಳ ಯಾವುದೂ ಬೇಡ.

ಕನ್ನಡದಲ್ಲೇ ಬರೆಯಿರಿ. 1963ರ ರಾಜಭಾಷಾ ಅಧಿನಿಯಮದಿಂದ ಈಚೆಗೆ ಇದು ಕನ್ನಡದಲ್ಲಿ ನಡೆಯಬೇಕಾದ ಸರ್ಕಾರ. ನಮ್ಮೂರ ಹೆಸರು, ಹಳ್ಳದ ಹೆಸರು, ಸರ್ವೇ ನಂಬರಿನ ಪಕ್ಕದ ಹಿಸ್ಸಾ ಎಲ್ಲಾ ಕನ್ನಡದಲ್ಲಿ ತಪ್ಪಿಲ್ಲದೆ ಬರುತ್ತೆ. ಮೂಲ ದಾಖಲೆ ಮಾತ್ರ ಯಾವತ್ತೂ ಲಗತ್ತಿಸಬೇಡಿ. ಜೆರಾಕ್ಸು ಸಾಕು.

5. ಯಾರ ಮೂಲಕ, ಎಲ್ಲಿ ಕೊಡಬೇಕು

ಜನತಾ ದರ್ಶನಕ್ಕೇ ಕಾಯಬೇಕು ಅಂತಿಲ್ಲ. ವಿಧಾನಸೌಧದ ಮೂರನೇ ಮಹಡಿಯಲ್ಲಿ ಸಿಎಂ ಕಚೇರಿ ಇದೆ. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ ಕಾಗದಕ್ಕೂ ಅಲ್ಲಿ ನಂಬರು ಬೀಳುತ್ತೆ. ಸಿಎಂ ನಿಮ್ಮ ಜಿಲ್ಲೆಗೆ ಬಂದಾಗ ಪ್ರವಾಸಿ ಮಂದಿರದ ಹತ್ತಿರ ಕೊಡಬಹುದು, ಆದರೆ ಹಾಗೆ ಕೈಗಿತ್ತ ಕಾಗದ ಗನ್‌ಮ್ಯಾನ್ ಕೈಗೆ ಹೋಗಿ, ಅಲ್ಲಿಂದ ಆಪ್ತ ಸಹಾಯಕರ ಚೀಲಕ್ಕೆ ಹೋಗುತ್ತೆ. ಸ್ವೀಕೃತಿ ಸಿಗಲ್ಲ. ಅಲ್ಲಿ ಕೊಟ್ಟರೂ ಅದೇ ಅರ್ಜಿಯನ್ನು ಅಂಚೆಯಲ್ಲೂ ಹಾಕಿ.

ಇದಕ್ಕಿಂತ ಗಟ್ಟಿಯಾದ ದಾರಿ ನಿಮ್ಮ ಶಾಸಕರು. ಯಾಕೆ ಅಂದರೆ ಸಿಎಂ ಕುರ್ಚಿ ನಿಂತಿರೋದೇ ಶಾಸಕರ ಬೆಂಬಲದ ಮೇಲೆ. ನಮ್ಮ ರಾಜ್ಯದ ಕೇಸಿನಿಂದಲೇ ಇದು ಇಡೀ ದೇಶಕ್ಕೆ ನಿಯಮ ಆಯ್ತು. 1989ರ ಏಪ್ರಿಲ್‌ನಲ್ಲಿ ಎಸ್‌.ಆರ್‌. ಬೊಮ್ಮಾಯಿ ಸರ್ಕಾರವನ್ನು ಸದನದಲ್ಲಿ ಬಲಾಬಲ ನೋಡದೇ ವಜಾ ಮಾಡಿದರು. 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಅನ್ನೋದು ತೀರ್ಮಾನ ಆಗಬೇಕಾದ ಜಾಗ ಸದನವೇ ಹೊರತು ರಾಜಭವನ ಅಲ್ಲ ಅಂತು. ಅಂದರೆ ಸಿಎಂ ಯಾರೇ ಇರಲಿ, ಒಬ್ಬೊಬ್ಬ ಶಾಸಕರ ಲೆಕ್ಕವೂ ಅವರ ತಲೆಯಲ್ಲಿ ಇರುತ್ತೆ. ಶಾಸಕರ ಲೆಟರ್‌ಹೆಡ್‌ನಲ್ಲಿ ಒಂದು ಶಿಫಾರಸು ಪತ್ರ ಲಗತ್ತಿಸಿದರೆ ಕಾಗದ ಬೇರೆ ರೀತಿ ನಡೆಯುತ್ತೆ. ವಿರೋಧ ಪಕ್ಷದ ಶಾಸಕರಾದರೂ ಪರವಾಗಿಲ್ಲ. ಅವರು ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ ಹಾಕಿದರೆ ಇಲಾಖೆ ಉತ್ತರ ಕೊಡಲೇಬೇಕು. ಅದಕ್ಕಾಗಿ ತಹಶೀಲ್ದಾರರಿಂದ ಹಿಡಿದು ಎಲ್ಲರೂ ತಡಬಡಾಯಿಸಿ ಮಾಹಿತಿ ಹುಡುಕುತ್ತಾರೆ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಅನುಕೂಲ. ಚಳಿಗಾಲದ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ನಡೆದಾಗ ಮಂತ್ರಿಗಳು ಧರಣಿ ಟೆಂಟುಗಳಿಗೇ ಬಂದು ಮನವಿ ತಗೊಳ್ಳುತ್ತಾರೆ. ಸಂಘಟನೆ ಇದ್ದರೆ ಆ ದಿನಗಳನ್ನು ಬಿಡಬೇಡಿ.

6. ಷರಾ ಓದುವುದು ಕಲಿಯಿರಿ

ಸಿಎಂ ಅರ್ಜಿಯ ಮೂಲೆಯಲ್ಲಿ ಬರೆದು ಸಹಿ ಹಾಕುವ ಸಾಲಿಗೆ ಷರಾ ಅಂತಾರೆ. "ಸಿಎಂ ಬರೆದುಕೊಟ್ಟಿದ್ದಾರೆ" ಅಂತ ಜನ ಅದನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡದ್ದೂ ಇದೆ. ಆದರೆ ಷರಾಗಳಲ್ಲಿ ದರ್ಜೆ ಇವೆ.

ಬರೀ "ಪರಿಶೀಲಿಸಿ" ಅಂತಿದ್ದರೆ ನೋಡಿ ಅಂದಷ್ಟೇ. "ನಿಯಮಾನುಸಾರ ಕ್ರಮ ಕೈಗೊಳ್ಳಿ" ಅನ್ನೋದು ಎಲ್ಲಕ್ಕಿಂತ ಜಾಸ್ತಿ ಸಿಗುವ ಷರಾ. ನಿಯಮದಲ್ಲಿ ಅವಕಾಶ ಇದ್ದರೆ ಮಾಡಿ, ಇಲ್ಲದಿದ್ದರೆ ಇಲ್ಲ ಅನ್ನಿ ಅಂತ ಅರ್ಥ. ತಿಂಗಳ ಮೇಲೆ "ನಿಯಮಗಳಲ್ಲಿ ಅವಕಾಶವಿರುವುದಿಲ್ಲ" ಅಂತ ಹಿಂಬರಹ ಬಂದರೆ ಸಿಎಂ ಮಾತನ್ನು ಅಧಿಕಾರಿ ಮೀರಿದ ಹಾಗಾಗಲಿಲ್ಲ, ಪಾಲಿಸಿದ ಹಾಗೇ ಆಯ್ತು. "ಕಡತದೊಂದಿಗೆ ಚರ್ಚಿಸಿ" ಅಂತಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಿ. "ಕಡತ ಮಂಡಿಸಿ" ಅಂತಿದ್ದರೆ ಅದು ಒಳ್ಳೇ ಷರಾ. ಇಲಾಖೆ ಟಿಪ್ಪಣಿ ಬರೆದು ಕಡತವನ್ನು ಮತ್ತೆ ಸಿಎಂ ಹತ್ತಿರ ತರಬೇಕು, ಕೆಳಗೇ ಮುಗಿಸಿಬಿಡುವ ಹಾಗಿಲ್ಲ.

ಯಾವ ಷರಾನೂ ಆದೇಶ ಅಲ್ಲ ಅನ್ನೋದು ಮಾತ್ರ ನೆನಪಿರಲಿ. ಸರ್ಕಾರಿ ಆದೇಶದ ಕೊನೆಯಲ್ಲಿ ನೋಡಿ, "ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ" ಅಂತಿರುತ್ತೆ. ಕೆಳಗೆ ಸಾಮಾನ್ಯವಾಗಿ ಅಧೀನ ಕಾರ್ಯದರ್ಶಿಯ ಸಹಿ ಇರುತ್ತೆ. 166ನೇ ವಿಧಿ ಹಾಗೆ ಹೇಳುತ್ತೆ. ಸಿಎಂ ಸಹಿ ಅಲ್ಲಿ ಎಲ್ಲೂ ಇರಲ್ಲ. ನಿಮಗೆ ಬೇಕಾಗಿರೋದು ಆ ಕಾಗದ, ನಂಬರು, ದಿನಾಂಕದ ಸಮೇತ. ಷರಾ ಅಲ್ಲಿಗೆ ಹೋಗುವ ದಾರಿ ತೆರೆಯುತ್ತೆ, ಅಷ್ಟೇ. ನೌಕರರ ವರ್ಗಾವಣೆ ವಿಷಯದಲ್ಲಿ ಸಿಎಂ ಅನುಮೋದನೆ ಸಿಕ್ಕಿ ಆದೇಶವೇ ಬಂದರೂ ನಿಯಮ ಮೀರಿದ್ದರೆ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ ರದ್ದು ಮಾಡಬಹುದು.

7. ಆಸ್ಪತ್ರೆ ಖರ್ಚಿದ್ದರೆ

ಮುಖ್ಯಮಂತ್ರಿ ಪರಿಹಾರ ನಿಧಿಗೆ ಬೇರೆಯೇ ಅರ್ಜಿ. ಆಧಾರ್, ರೇಷನ್ ಕಾರ್ಡ್, ಬ್ಯಾಂಕ್ ಪಾಸ್‌ಬುಕ್ ಪ್ರತಿ, ಡಿಸ್ಚಾರ್ಜ್ ಸಮರಿ, ಆಸ್ಪತ್ರೆ ಬಿಲ್ಲು ಜೋಡಿಸಿ. ಮೂಲ ಬಿಲ್ಲು ಕೇಳಿದರೆ ಕೊಡುವ ಮುಂಚೆ ಎಲ್ಲದರ ಪ್ರತಿ ತೆಗೆದಿಟ್ಟುಕೊಳ್ಳಿ. ಮೊದಲು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆ ಚಿಕಿತ್ಸೆ ಇದೆಯಾ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ, ಇದ್ದರೆ ಅದನ್ನೇ ಬಳಸಿ. ಪರಿಹಾರ ನಿಧಿಯಿಂದ ಪೂರ್ತಿ ಬಿಲ್ಲು ಬರುತ್ತೆ ಅಂದುಕೊಂಡು ಸಾಲ ಮಾಡಬೇಡಿ, ಬರುವುದು ಒಂದು ಭಾಗ. ದುಡ್ಡು ಕೊಟ್ಟರೆ ಮಾಡಿಸಿಕೊಡ್ತೀನಿ ಅನ್ನುವ ಮಧ್ಯವರ್ತಿಗಳು ಸಿಕ್ಕೇ ಸಿಗುತ್ತಾರೆ. ಅವರಿಗೆ ಒಂದು ರೂಪಾಯಿಯೂ ಬೇಡ.

8. ಕೊಟ್ಟ ಮೇಲೆ ಬೆನ್ನು ಹತ್ತಿ

ಸಿಎಂ ಕಚೇರಿಯ ನಂಬರು ಸಿಕ್ಕಿದ ಮೇಲೆ ಅಲ್ಲಿಗೇ ಅಲೆಯಬೇಡಿ. ಅರ್ಜಿ ಯಾವ ಇಲಾಖೆಗೆ ಹೋಗಿದೆ, ಯಾವ ದಿನಾಂಕದ ಪತ್ರದಲ್ಲಿ ಹೋಗಿದೆ ಅಂತ ಕೇಳಿಕೊಂಡು ಆ ಇಲಾಖೆಯ ಶಾಖೆ ಹುಡುಕಿ. ವಿಕಾಸಸೌಧದಲ್ಲೋ ಬಹುಮಹಡಿ ಕಟ್ಟಡದಲ್ಲೋ ಇರುತ್ತೆ. ಕಡತ ಯಾರ ಹತ್ತಿರ ಇದೆ ಅಂತ ಕೇಸ್ ವರ್ಕರಿಗೆ ಗೊತ್ತು, ಮಂತ್ರಿಗೆ ಗೊತ್ತಿರಲ್ಲ. ಅವರ ಹತ್ತಿರ ಸಮಾಧಾನವಾಗಿ ಮಾತಾಡಿ. ಈಗ ಕಡತಗಳು ಇ-ಆಫೀಸ್‌ನಲ್ಲಿ ಓಡಾಡುವುದರಿಂದ ಕಳೆದುಹೋಗಿದೆ ಅನ್ನೋ ಹಳೇ ಮಾತು ಅಷ್ಟು ಸುಲಭವಾಗಿ ನಡೆಯಲ್ಲ.

ಎರಡು ತಿಂಗಳಾದರೂ ಸದ್ದಿಲ್ಲ ಅಂದರೆ ಮಾಹಿತಿ ಹಕ್ಕಿನಲ್ಲಿ ಕೇಳಿ. 10 ರೂಪಾಯಿ ಪೋಸ್ಟಲ್ ಆರ್ಡರ್, ಬಿಪಿಎಲ್ ಆದರೆ ಅದೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಯಾಕೆ ಕೆಲಸ ಆಗಿಲ್ಲ ಅಂತ ಕೇಳಬೇಡಿ, "ಯಾಕೆ"ಗೆ ಉತ್ತರ ಬರಲ್ಲ. "ಇಂಥ ದಿನಾಂಕದ ನನ್ನ ಅರ್ಜಿ ಮೇಲೆ ತೆರೆದ ಕಡತದ ಟಿಪ್ಪಣಿ ಹಾಳೆಗಳ ದೃಢೀಕೃತ ಪ್ರತಿ ಕೊಡಿ" ಅಂತ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಎಷ್ಟೋ ಸಲ ಈ ಅರ್ಜಿ ಬಿದ್ದ ಮೇಲೆ ಟಿಪ್ಪಣಿ ಬರೆಯಲು ಶುರು ಮಾಡುತ್ತಾರೆ. ಅದೂ ಲಾಭವೇ.

ಟಿಪ್ಪಣಿ ಹಾಳೆ ಕೈಗೆ ಬಂದರೆ ಎಲ್ಲಿ ನಿಂತಿದೆ ಅಂತ ಗೊತ್ತಾಗುತ್ತೆ. ಆರ್ಥಿಕ ಇಲಾಖೆ ಸಹಮತಿ ಕೊಟ್ಟಿಲ್ಲ ಅಂತಿದ್ದರೆ ಮುಂದಿನ ಬಜೆಟ್ ಮುಂಚೆ ಶಾಸಕರ ಮೂಲಕ ಮತ್ತೆ ಕೇಳಿ. ಡಿಸೆಂಬರ್, ಜನವರಿಯಲ್ಲೇ ಕೇಳಬೇಕು. ಮಾರ್ಚ್‌ನಲ್ಲಿ ಕೇಳಿದರೆ ಪುಸ್ತಕ ಪ್ರಿಂಟಿಗೆ ಹೋಗಿರುತ್ತೆ. ಕೆಳಗಿನ ವರದಿಯೇ ತಪ್ಪು ಅಂತಿದ್ದರೆ ಆ ಸಾಲನ್ನು ಎತ್ತಿ ತೋರಿಸಿ, ದಾಖಲೆ ಇಟ್ಟು ಡಿಸಿಗೆ ಬರೆಯಿರಿ.

9. ನಡುವೆ ಸಿಎಂ ಬದಲಾದರೆ

ನಮ್ಮ ರಾಜ್ಯದಲ್ಲಿ ಇದು ಅಪರೂಪವೇನಲ್ಲ. ಹೊಸಬರು ಬಂದ ವಾರವೇ ಹಳೇ ಅರ್ಜಿಯೆಲ್ಲ ಕಸ ಅಂತ ಜನ ಕೈಚೆಲ್ಲುತ್ತಾರೆ. ಹಾಗೇನೂ ಇಲ್ಲ. ಅರ್ಜಿ ಕೊಟ್ಟಿದ್ದು ಮುಖ್ಯಮಂತ್ರಿ ಅನ್ನೋ ಹುದ್ದೆಗೆ, ಕಡತ ಇರೋದು ಇಲಾಖೆಯಲ್ಲಿ. ಹಳೇ ಸಿಎಂ ಷರಾಕ್ಕೆ ಮಾತ್ರ ಮೊದಲಿನ ತೂಕ ಇರಲ್ಲ, ಅದನ್ನು ಹಿಡಿದು ವಾದ ಮಾಡಬೇಡಿ. ಹೊಸದಾಗಿ ಒಂದು ಪುಟದ ಅರ್ಜಿ ಬರೆದು, ಉಲ್ಲೇಖದಲ್ಲಿ ಕಡತ ಸಂಖ್ಯೆ ಮತ್ತು ಇಲಾಖೆ ಕೊನೇ ಸಲ ಬರೆದ ಪತ್ರದ ದಿನಾಂಕ ಹಾಕಿ ಕಳಿಸಿ. ಹಳೇ ಷರಾ ಇರುವ ಪ್ರತಿಯನ್ನು ಲಗತ್ತುಗಳಲ್ಲಿ ಕೊನೆಗೆ ಇಡಿ.